ಪಡಿತರದ ಅಕ್ಕಿಯೂ ಲಂಚದ ಕಾಯಿದೆಯೂ

(ಸದಸ್ಯ ಶಿಕ್ಷಣ ಪಾಠ)



ಕಳೆದ ಅಧ್ಯಯನ ಕೂಟದಲ್ಲಿ ಬೋರ್ಡೋ ದ್ರಾವಣದ ಪಾಠ ಮುಗಿದು ಎಲ್ಲರೂ ಕಾಫಿ ಲೋಟ ಹಿಡಿದು ಜಗಲಿಗೆ ಬಂದಾಗ ಹಿರಿಯ ಸದಸ್ಯರೊಬ್ಬರು ಒಂದು ಪ್ರಶ್ನೆ ಎತ್ತಿದರು. ಅವರ ತೋಟದ ಬಿಡಾರದಲ್ಲಿ ಅಸ್ಸಾಮಿನಿಂದ ಬಂದ ನಾಲ್ಕು ಜನರ ಸಂಸಾರವೊಂದಿದೆ. ಈಗ ದೇಶದಲ್ಲಿ ಎಲ್ಲಿ ಬೇಕಾದರೂ ಪಡಿತರ ಎತ್ತಬಹುದೆಂಬ ಏರ್ಪಾಟು ಇರುವುದರಿಂದ ಆ ಹೆಂಗಸು ನಮ್ಮ ಕಡೆಯ ನ್ಯಾಯಬೆಲೆ ಅಂಗಡಿಯೊಂದಕ್ಕೆ ಹೋಗಿ ಹೆಬ್ಬೆಟ್ಟು ಒತ್ತಿ ಅಕ್ಕಿ ತಂದಳು. ಯಂತ್ರದಿಂದ ಬಂದ ಚೀಟಿಯಲ್ಲಿ ಇಪ್ಪತ್ತು ಕಿಲೋ ಎಂದಿದೆ. ಅನುಮಾನ ಬಂದು ಸದಸ್ಯರು ತಮ್ಮ ಮನೆಯ ಅಡಿಕೆ ತೂಗುವ ತಕ್ಕಡಿಗೆ ಹಾಕಿದರೆ ಹದಿನೆಂಟೂವರೆ ಕಿಲೋ ಬಂತು.

"ತಾಲ್ಲೂಕು ಕಚೇರಿಯ ಗುಮಾಸ್ತ ಐನೂರು ರೂಪಾಯಿ ಮುಟ್ಟಿದರೆ ಲೋಕಾಯುಕ್ತದವರು ಬಂದು ಕೈ ತೊಳೆಸಿ, ನೀರು ಕೆಂಪಾಯಿತು ಎಂದು ಹಿಡಿದುಕೊಂಡು ಹೋಗುತ್ತಾರೆ. ತಿಂಗಳು ತಿಂಗಳೂ ಚೀಲಗಟ್ಟಲೆ ಅಕ್ಕಿ ಹೋದರೆ ಯಾರೂ ಬರುವುದಿಲ್ಲವಲ್ಲ. ಇದು ಯಾವ ನ್ಯಾಯ ಮಾರಾಯರೇ?" ಎಂದು ಅವರು ಕೇಳಿದರು. ಆ ದಿನ ಯಾರಿಗೂ ಉತ್ತರ ಹೊಳೆಯಲಿಲ್ಲ, ನಮಗೂ ಹೊಳೆಯಲಿಲ್ಲ. ಕಾಯಿದೆಯ ಪುಸ್ತಕಗಳನ್ನೂ ವರದಿಗಳನ್ನೂ ತಿರುವಿ ನೋಡಿದ ಮೇಲೆ ನಮಗೆ ತಿಳಿದುಬಂದುದನ್ನು ಇಲ್ಲಿ ಬರೆಯುತ್ತಿದ್ದೇವೆ. ಪಾಠ ಸ್ವಲ್ಪ ಉದ್ದವಾಗಿದೆ. ಮಳೆಗಾಲದ ರಾತ್ರಿ ಓದಿಕೊಳ್ಳಬಹುದು.

ಒಂದೇ ಕಾಲದ ಇಬ್ಬರು ಅಣ್ಣತಮ್ಮಂದಿರು

ಆಹಾರ ಸಾಮಗ್ರಿಯಲ್ಲಿ ನಡೆಯುವ ಮೋಸವನ್ನು ತಡೆಯಲು ನಮ್ಮಲ್ಲಿ ಮುಖ್ಯವಾಗಿ ಎರಡು ಕಾಯಿದೆಗಳಿವೆ. ಒಂದು 1955ರ ಅಗತ್ಯ ವಸ್ತುಗಳ ಕಾಯಿದೆ. ಇನ್ನೊಂದು ಭ್ರಷ್ಟಾಚಾರ ತಡೆ ಕಾಯಿದೆ. ಇದು ಮೊದಲು 1947ರಲ್ಲಿ ಬಂತು, ಈಗ ಜಾರಿಯಲ್ಲಿರುವುದು 1988ರದು. ಎರಡಕ್ಕೂ ಮೂಲ ಎರಡನೆಯ ಮಹಾಯುದ್ಧದ ಕಾಲವೇ. ಯುದ್ಧಕ್ಕೆ ಸಾಮಾನು ಒದಗಿಸುವ ಇಲಾಖೆಯಲ್ಲಿ ಲಂಚ ವಿಪರೀತವಾದಾಗ 1941ರಲ್ಲಿ ವಿಶೇಷ ಪೊಲೀಸ್ ದಳವೊಂದನ್ನು ಕಟ್ಟಿದರು. ಇಂದಿನ ಸಿ.ಬಿ.ಐ. ಬೆಳೆದು ಬಂದದ್ದು ಅದರಿಂದ. ಅದೇ ಹೊತ್ತಿಗೆ ಅಕ್ಕಿ, ಬಟ್ಟೆ, ಸೀಮೆಎಣ್ಣೆಗಳಿಗೆ ನಿಯಂತ್ರಣ ಬಂತು. 1943ರಲ್ಲಿ ಬಂಗಾಳದಲ್ಲಿ ಲಕ್ಷ ಲಕ್ಷ ಜನ ಅನ್ನವಿಲ್ಲದೆ ಸತ್ತರು. ನಿಯಂತ್ರಣಕ್ಕಾಗಿ 1946ರಲ್ಲಿ ಮಾಡಿದ ತಾತ್ಕಾಲಿಕ ಕಾಯಿದೆಯೇ 1955ರಲ್ಲಿ ಕಾಯಂ ರೂಪ ತಾಳಿತು.

ಹೀಗೆ ಒಂದೇ ಕಾಲದಲ್ಲಿ ಹುಟ್ಟಿದ ಅಣ್ಣತಮ್ಮಂದಿರು ಪಾಲಾಗಿ ಬೇರೆ ಬೇರೆ ಮನೆ ಮಾಡಿಕೊಂಡರೆನ್ನಬಹುದು. ಒಬ್ಬನು ಸಾಮಾನನ್ನು ಕಾಯುತ್ತಾನೆ, ಇನ್ನೊಬ್ಬನು ಅಧಿಕಾರದಲ್ಲಿರುವವರ ಕೈಯನ್ನು ಕಾಯುತ್ತಾನೆ. ಪಡಿತರದ ಅಕ್ಕಿ ಕಳುವಾಗುವುದು ಬಹುತೇಕ ಇವರಿಬ್ಬರ ಮನೆಗಳ ನಡುವಿನ ಅಂಗಳದಲ್ಲಿ.

ಸಾಮಾನನ್ನು ಕಾಯುವ ಕಾಯಿದೆ

ಅಗತ್ಯ ವಸ್ತುಗಳ ಕಾಯಿದೆಯ 3ನೆಯ ಕಲಮಿನಡಿ ಸರ್ಕಾರವು ನಿಯಂತ್ರಣ ಆಜ್ಞೆಗಳನ್ನು ಹೊರಡಿಸುತ್ತದೆ. ನ್ಯಾಯಬೆಲೆ ಅಂಗಡಿಯ ಪರವಾನಗಿ, ದರ, ದಾಸ್ತಾನು ಪುಸ್ತಕ ಎಲ್ಲವೂ ಈ ಆಜ್ಞೆಗಳ ಮೇಲೆ ನಿಂತಿವೆ. ಆಜ್ಞೆ ಮುರಿದವರ ಸಾಮಾನನ್ನು 6ಎ ಕಲಮಿನಂತೆ ಜಿಲ್ಲಾಧಿಕಾರಿಗಳು ಮುಟ್ಟುಗೋಲು ಹಾಕಿಕೊಳ್ಳಬಹುದು, ಸಾಗಿಸಿದ ಲಾರಿಯನ್ನೂ ಸೇರಿಸಿ. ಇದಕ್ಕೆ ನ್ಯಾಯಾಲಯದ ತೀರ್ಪಿಗಾಗಿ ಕಾಯಬೇಕಾಗಿಲ್ಲ. 7ನೆಯ ಕಲಮಿನಂತೆ ಹೆಚ್ಚಿನ ಅಪರಾಧಗಳಿಗೆ 3 ತಿಂಗಳಿಂದ 7 ವರ್ಷಗಳವರೆಗೆ ಸೆರೆಮನೆ ವಾಸವಿದೆ. ಇದು ಸಾಲದೆಂದು 1980ರಲ್ಲಿ ಕಾಳಸಂತೆ ತಡೆ ಕಾಯಿದೆಯೂ ಬಂತು. ಅದರಡಿ ವಿಚಾರಣೆಯಿಲ್ಲದೆಯೇ 6 ತಿಂಗಳವರೆಗೆ ಬಂಧನದಲ್ಲಿಡಬಹುದು.

ಬರವಣಿಗೆಯಲ್ಲಿ ಇದಕ್ಕಿಂತ ಕಠಿಣವಾದುದು ಏನು ಬೇಕು? ಆದರೆ ಈ ಕಾಯಿದೆಯ ಬಲೆಗೆ ಬೀಳುವವರು ಯಾರೆಂಬುದನ್ನು ನೋಡಬೇಕು. 'ಪಡಿತರ ಅಕ್ಕಿ ಅಕ್ರಮ ಸಾಗಾಟ, ಲಾರಿ ವಶ' ಎಂಬ ಸುದ್ದಿ ನಮ್ಮ ಜಿಲ್ಲೆಗಳ ಪತ್ರಿಕೆಗಳಲ್ಲಿ ಆಗಾಗ ಬರುತ್ತಿರುತ್ತದೆ. ಸಿಕ್ಕಿಬಿದ್ದವನು ಚಾಲಕ, ಅವನ ಜೊತೆಗಾರ, ಹೆಚ್ಚೆಂದರೆ ಒಬ್ಬ ಅಂಗಡಿಯವನು. ಅಕ್ಕಿಯನ್ನು ಸರ್ಕಾರಿ ಗೋಣಿಯಿಂದ ಬೇರೆ ಚೀಲಕ್ಕೆ ಸುರಿದ ಮೇಲೆ ಅದು ಬರೀ ಅಕ್ಕಿ. 'ಇದು ಪಡಿತರದ್ದೇ' ಎಂದು ಸಾಬೀತು ಮಾಡುವ ಹೊಣೆ ಪೊಲೀಸರ ಮೇಲೆ ಬೀಳುತ್ತದೆ. ಗಿರಣಿಗೆ ಹೋಗಿ ಹೊಳಪು ಹಾಕಿಸಿಕೊಂಡು ಬಂದರಂತೂ ಕೇಳುವುದೇ ಬೇಡ.

ಇತ್ತೀಚೆಗೆ ಪಡಿತರದ ಅಕ್ಕಿಗೆ ಕಬ್ಬಿಣದ ಅಂಶ ಮುಂತಾದ ಪೋಷಕಾಂಶ ಸೇರಿಸಿದ ಕಾಳುಗಳನ್ನು ನೂರಕ್ಕೆ ಒಂದರಂತೆ ಬೆರೆಸತೊಡಗಿದರು. ಇದು ಪ್ಲಾಸ್ಟಿಕ್ ಅಕ್ಕಿಯೆಂದು ನಮ್ಮಲ್ಲಿ ಕೆಲವರು ಆರಿಸಿ ಎಸೆಯುತ್ತಿದ್ದಾರೆ. ದಯವಿಟ್ಟು ಹಾಗೆ ಮಾಡಬಾರದು, ಅದು ಅಕ್ಕಿಹಿಟ್ಟಿನಿಂದಲೇ ಮಾಡಿದ ಕಾಳು. ಬೇರೆ ಚೀಲದಲ್ಲಿ ಸಿಕ್ಕ ಅಕ್ಕಿ ಎಲ್ಲಿಂದ ಬಂತೆಂಬುದಕ್ಕೆ ಆ ಕಾಳೇ ಒಂದು ಸುಳಿವಾಗಬಹುದೆಂದು ನಮಗೆ ತೋರುತ್ತದೆ.

ಕೈಯನ್ನು ಕಾಯುವ ಕಾಯಿದೆ

ಇನ್ನು ಲಂಚದ ಕಾಯಿದೆ. 1988ರ ಕಾಯಿದೆಯ 7ನೆಯ ಕಲಮು ಲಂಚ ಪಡೆದ ಸಾರ್ವಜನಿಕ ನೌಕರನಿಗೆ 3ರಿಂದ 7 ವರ್ಷ ಶಿಕ್ಷೆ ಹೇಳುತ್ತದೆ. 13ನೆಯ ಕಲಮು ತನ್ನ ವಶದಲ್ಲಿದ್ದ ಸರ್ಕಾರದ ಸ್ವತ್ತನ್ನು ನುಂಗಿದವನಿಗೆ, ಅಥವಾ ಇತರರು ನುಂಗಲು ಬಿಟ್ಟವನಿಗೆ, 4ರಿಂದ 10 ವರ್ಷ ಹೇಳುತ್ತದೆ. ಗೋದಾಮಿನ ಅಕ್ಕಿ ನುಂಗಿದ ಅಧಿಕಾರಿ ಈ ಎರಡನೆಯದಕ್ಕೆ ಸರಿಯಾಗಿ ಸಿಗುತ್ತಾನೆ.

ಆದರೆ ಈ ಕಾಯಿದೆ ಚೆನ್ನಾಗಿ ನಡೆಯುವುದು ಕೈಯಿಂದ ಕೈಗೆ ಹಣ ಹೋಗುವ ಕಡೆ. ನೊಂದವನೊಬ್ಬ ದೂರು ಕೊಡುತ್ತಾನೆ, ನೋಟಿಗೆ ಫಿನಾಫ್ತಲೀನ್ ಪುಡಿ ಹಚ್ಚುತ್ತಾರೆ, ಸೋಡಾ ನೀರಿನಲ್ಲಿ ಬೆರಳು ಅದ್ದಿಸಿದಾಗ ನೀರು ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಇದೆಲ್ಲಕ್ಕೂ ಮೊದಲು ಬೇಕಾದವನು ದೂರುದಾರ. ದೂರುದಾರ ಮುಂದೆ ಸತ್ತುಹೋದರೂ ಅಥವಾ ಸಾಕ್ಷಿಕಟ್ಟೆಯಲ್ಲಿ ತಿರುಗಿಬಿದ್ದರೂ ಇತರ ಸಾಕ್ಷ್ಯಗಳಿಂದ ಲಂಚ ಕೇಳಿದ್ದನ್ನು ಸಾಬೀತು ಮಾಡಬಹುದೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2022ರ ಡಿಸೆಂಬರಿನಲ್ಲಿ ಹೇಳಿತು. ಒಳ್ಳೆಯ ತೀರ್ಪೇ. ಆದರೆ ಮೊದಲಿಗೆ ಒಬ್ಬನಾದರೂ ಬಾಗಿಲು ತಟ್ಟಿರಬೇಕು.

ಅಕ್ಕಿಯ ದಾರಿಯಲ್ಲಿ ಬಾಗಿಲು ತಟ್ಟುವವನು ಯಾರು? ಭಾರತ ಆಹಾರ ನಿಗಮದ ಗೋದಾಮಿನಿಂದ ರಾಜ್ಯದ ಸಗಟು ಮಳಿಗೆಗೆ ಬರುತ್ತದೆ, ಅಲ್ಲಿಂದ ಲಾರಿಯಲ್ಲಿ ಅಂಗಡಿಗೆ, ಅಂಗಡಿಯಿಂದ ನಮ್ಮ ಕೈಚೀಲಕ್ಕೆ. ಪ್ರತಿಯೊಂದು ಮೆಟ್ಟಿಲಲ್ಲೂ 'ತೂಕ ಸರಿಯಿದೆ' ಎಂದು ಒಬ್ಬ ಸಹಿ ಹಾಕುತ್ತಾನೆ. ನಡುವೆ ಎರಡು ಕಿಲೋ ಕಡಿಮೆಯಾದರೆ 'ಒಣಗಿತು', 'ಚೀಲ ಹರಿದಿತ್ತು', 'ಹೆಗ್ಗಣ ತಿಂದಿತು' ಎಂಬ ಸಮಾಧಾನ ಸಿದ್ಧವಾಗಿರುತ್ತದೆ. ಹಸಿ ಅಡಿಕೆ ಸುಲಿದು ಒಣಗಿಸಿದಾಗ ತೂಕ ಎಷ್ಟು ಇಳಿಯುತ್ತದೆಂದು ಬಲ್ಲ ನಮಗೆ ಯಾವ ಒಣಗು ನಿಜ, ಯಾವುದು ನೆಪ ಎಂದು ಯಾರೂ ಹೇಳಿಕೊಡಬೇಕಾಗಿಲ್ಲ. ಮಳಿಗೆಯವನು ಕಡಿಮೆ ಕೊಟ್ಟದ್ದನ್ನು ಅಂಗಡಿಯವನು ಬಾಯಿಬಿಟ್ಟು ಹೇಳುವುದಿಲ್ಲ, ಆ ಕಡಿತವನ್ನು ಕಾರ್ಡುದಾರರ ಮೇಲೆ ಹಂಚಿಬಿಡುತ್ತಾನೆ. ತಪಾಸಣೆಗೆ ಬಂದವರಿಗೆ ಮಾಮೂಲು ಕೊಟ್ಟರೂ ದೂರುವುದಿಲ್ಲ. ಕೊಟ್ಟವನು, ಪಡೆದವನು ಇಬ್ಬರಿಗೂ ಅದರಲ್ಲಿ ಲಾಭವಿದೆ. ಕಳೆದುಕೊಂಡವರು ನಾನ್ನೂರು ಮನೆಯವರು, ತಲಾ ಒಂದೂವರೆ ಕಿಲೋದಂತೆ. ಅಷ್ಟಕ್ಕಾಗಿ ಒಂದು ದಿನದ ಕೂಲಿ ಬಿಟ್ಟು ಜಿಲ್ಲಾ ಕೇಂದ್ರಕ್ಕೆ ಹೋಗುವವರು ಯಾರು?

2018ರಲ್ಲಿ ಲಂಚದ ಕಾಯಿದೆಗೆ ದೊಡ್ಡ ತಿದ್ದುಪಡಿಯಾಯಿತು. ಅದರ ಮೂರು ಅಂಶಗಳು ನಮ್ಮ ವಿಷಯಕ್ಕೆ ಬಹಳ ಹತ್ತಿರದವು. ಮೊದಲನೆಯದು, ಲಂಚ ಕೊಟ್ಟವನೂ ಅಪರಾಧಿ. ಬಲವಂತದಿಂದ ಕೊಟ್ಟಿದ್ದರೆ 7 ದಿನದೊಳಗೆ ಪೊಲೀಸರಿಗೆ ಅಥವಾ ತನಿಖೆ ನಡೆಸುವವರಿಗೆ ತಿಳಿಸಿದರೆ ಮಾತ್ರ ರಕ್ಷಣೆ. ಇದು ಕೇಳಲು ನ್ಯಾಯವಾಗಿಯೇ ಇದೆ. ಆದರೆ ಐದು ವರ್ಷದಿಂದ ಮಾಮೂಲು ಕೊಡುತ್ತ ಬಂದ ಅಂಗಡಿಯವನಿಗೆ ಇನ್ನು ಮುಂದೆ ಬಾಯಿ ಬಿಡಲು ದಾರಿಯೇ ಇಲ್ಲದಂತಾಯಿತು.

ಎರಡನೆಯದು 17ಎ ಕಲಮು. ಅಧಿಕಾರಿಯು ತನ್ನ ಕೆಲಸದಲ್ಲಿ ಕೈಗೊಂಡ ತೀರ್ಮಾನದ ಬಗ್ಗೆ ತನಿಖೆ ಆರಂಭಿಸಬೇಕಾದರೂ ಮೊದಲು ಸರ್ಕಾರದ ಅನುಮತಿ ಬೇಕು. ಮೊಕದ್ದಮೆ ನಡೆಸಲು 19ನೆಯ ಕಲಮಿನ ಮಂಜೂರಾತಿ ಮೊದಲಿನಿಂದಲೂ ಬೇಕಾಗಿತ್ತು, ಈಗ ಇದು ಅದರ ಹಿಂದಿನ ಇನ್ನೊಂದು ಬಾಗಿಲು. ಲಂಚ ಪಡೆಯುವಾಗಲೇ ಸಿಕ್ಕಿಬಿದ್ದವನಿಗೆ ಮಾತ್ರ ಈ ಅನುಮತಿ ಬೇಕಿಲ್ಲ. ಅಂದರೆ ಐನೂರು ರೂಪಾಯಿಯ ಗುಮಾಸ್ತನನ್ನು ಹಿಡಿಯಲು ದಾರಿ ತೆರೆದೇ ಇದೆ, ಸಾಗಣೆಯ ಟೆಂಡರನ್ನು ಬೇಕಾದವನಿಗೆ ಕೊಟ್ಟವರ ಹತ್ತಿರ ಹೋಗಲು ಅರ್ಜಿ ಹಾಕಿ ಕಾಯಬೇಕು. ನಮ್ಮ ಹಿರಿಯ ಸದಸ್ಯರ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿದೆ.

ಮೂರನೆಯದು ಅಷ್ಟಾಗಿ ಯಾರ ಗಮನಕ್ಕೂ ಬಾರದ ವಿಚಾರ. ಹಳೆಯ 13ನೆಯ ಕಲಮಿನಲ್ಲಿ, ಸಾರ್ವಜನಿಕ ಹಿತವಿಲ್ಲದೆ ಮತ್ತೊಬ್ಬರಿಗೆ ಲಾಭ ಮಾಡಿಕೊಟ್ಟರೆ ಅದೂ ಅಪರಾಧವೆಂಬ ಮಾತಿತ್ತು. ಅದನ್ನು ತೆಗೆದುಹಾಕಿದರು. ಪ್ರಾಮಾಣಿಕ ಅಧಿಕಾರಿಗಳು ಸಹಿ ಹಾಕಲು ಹೆದರುತ್ತಿದ್ದರೆಂಬುದು ಕೊಟ್ಟ ಕಾರಣ. ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಕಳಪೆ ಅಕ್ಕಿಯನ್ನು 'ಉತ್ತಮ' ಎಂದು ಬರೆದು ಗಿರಣಿಯವನಿಗೆ ಅನುಕೂಲ ಮಾಡಿಕೊಟ್ಟ ಪ್ರಸಂಗದಲ್ಲಿ ಈಗ ಲಂಚ ಪಡೆದದ್ದನ್ನೋ ಸ್ವತ್ತು ನುಂಗಿದ್ದನ್ನೋ ಬೇರೆಯಾಗಿಯೇ ತೋರಿಸಬೇಕು.

ಕಾಯಿದೆ ಗೆದ್ದ ಒಂದು ಮೊಕದ್ದಮೆ

ಹಾಗಾದರೆ ಲಂಚದ ಕಾಯಿದೆ ಏನೂ ಮಾಡಿಲ್ಲವೇ ಎಂದರೆ, ಮಾಡಿದೆ. ಬಿಹಾರದ ಮೇವಿನ ಹಗರಣ ಎಲ್ಲರಿಗೂ ಗೊತ್ತಿರುವುದೇ. ಅದು ದನಕರುಗಳ ಆಹಾರವಾದರೂ ಆಗಿನ ಅಗತ್ಯ ವಸ್ತುಗಳ ಪಟ್ಟಿಯಲ್ಲಿ ಮೇವೂ ಹಿಂಡಿಯೂ ಸೇರಿದ್ದವು, ಆದ್ದರಿಂದ ನಮ್ಮ ಪಾಠಕ್ಕೆ ಹೊರತಲ್ಲ. 1996ರ ಜನವರಿಯಲ್ಲಿ ಚಾಯ್‌ಬಾಸಾದ ಪಶುಸಂಗೋಪನಾ ಕಚೇರಿಯನ್ನು ಅಲ್ಲಿನ ಜಿಲ್ಲಾಧಿಕಾರಿ ಶೋಧಿಸಿದಾಗ, ಕೊಳ್ಳದ ಮೇವಿಗೆ ಖಜಾನೆಯಿಂದ ಹಣ ಹೋಗಿದ್ದು ಬಯಲಾಯಿತು. ಮೇವು ಸಾಗಿಸಿದವೆಂದು ಬಿಲ್ಲಿನಲ್ಲಿ ಬರೆದಿದ್ದ ಲಾರಿಗಳ ನಂಬರನ್ನು ತಾಳೆ ನೋಡಿದರೆ ಕೆಲವು ಸ್ಕೂಟರುಗಳದಾಗಿದ್ದವು!

ಇಲ್ಲಿ ಲಂಚ ಕೊಟ್ಟವನು ಬಂದು ದೂರಬೇಕಾಗಿರಲಿಲ್ಲ. ಬಿಲ್ಲು, ಖಜಾನೆಯ ಪುಸ್ತಕ, ವಾಹನದ ನೋಂದಣಿ, ಈ ಕಾಗದಗಳೇ ಸಾಕ್ಷಿ ನುಡಿದವು. 2013ರ ಸೆಪ್ಟೆಂಬರಿನಲ್ಲಿ ರಾಂಚಿಯ ಸಿ.ಬಿ.ಐ. ವಿಶೇಷ ನ್ಯಾಯಾಲಯವು ಚಾಯ್‌ಬಾಸಾ ಖಜಾನೆಯ 37.7 ಕೋಟಿ ರೂಪಾಯಿಯ ಪ್ರಕರಣದಲ್ಲಿ ಮಾಜಿ ಮುಖ್ಯಮಂತ್ರಿ ಲಾಲು ಪ್ರಸಾದ್ ಯಾದವ್ ಮೊದಲಾದವರನ್ನು ಅಪರಾಧಿಗಳೆಂದಿತು. ಶೋಧನೆಗೂ ತೀರ್ಪಿಗೂ ನಡುವೆ ಹದಿನೇಳು ವರ್ಷ ಕಳೆದಿತ್ತು. ಆ ವರ್ಷ ನೆಟ್ಟ ಅಡಿಕೆ ಸಸಿ ಫಲಕ್ಕೆ ಬಂದು ಹತ್ತು ಕೊಯಿಲು ಕಂಡಿರುತ್ತದೆ. ಆದರೂ ಕಾಗದ ಇದ್ದಲ್ಲಿ ಕಾಯಿದೆ ತಡವಾಗಿಯಾದರೂ ತಲುಪಿತು. ಪಡಿತರದ ತೊಂದರೆಯೆಂದರೆ ಕಾಗದದಲ್ಲಿ ಎಲ್ಲವೂ ಸರಿಯಾಗಿಯೇ ಇರುವುದು. ಇಪ್ಪತ್ತು ಕಿಲೋ ಎಂಬ ಚೀಟಿಯ ಮೇಲೆ ಆ ಹೆಂಗಸಿನ ಹೆಬ್ಬೆಟ್ಟೇ ಇದೆಯಲ್ಲ!

ನಮ್ಮ ಮೇಲೂ ಇದೆ

ಇಲ್ಲಿ ಸ್ವಲ್ಪ ನಿಂತು ನಮ್ಮನ್ನು ನಾವೇ ನೋಡಿಕೊಳ್ಳಬೇಕಾಗಿದೆ. ಮಲೆನಾಡಿನಲ್ಲಿ ಎಷ್ಟೋ ನ್ಯಾಯಬೆಲೆ ಅಂಗಡಿಗಳನ್ನು ನಡೆಸುವುದು ಸಹಕಾರ ಸಂಘಗಳೇ. ಜನ ಇಂದಿಗೂ 'ಸೊಸೈಟಿಗೆ ಹೋಗಿ ಅಕ್ಕಿ ತಂದೆ' ಎನ್ನುತ್ತಾರೆ. ಲಂಚದ ಕಾಯಿದೆ ಬರೀ ಸರ್ಕಾರಿ ನೌಕರರಿಗೆ, ನಮಗಲ್ಲ ಎಂದು ಭಾವಿಸಿರುವ ನಿರ್ದೇಶಕರು ಬಹಳ ಮಂದಿ. ಇದು ತಪ್ಪು.

ಹಳೆಯ ಕಾಲದ ಮಾತು ಬೇರೆ ಇತ್ತು. ದಂಡ ಸಂಹಿತೆಯ ವ್ಯಾಖ್ಯೆಯಂತೆ ಸಹಕಾರ ಸಂಘದ ಅಧ್ಯಕ್ಷರೂ ಆಡಳಿತ ಸಮಿತಿಯವರೂ ಸಾರ್ವಜನಿಕ ನೌಕರರಲ್ಲವೆಂದು ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2000ದಲ್ಲಿ ಹೇಳಿತ್ತು. 1988ರ ಕಾಯಿದೆ ತನ್ನದೇ ವ್ಯಾಖ್ಯೆಯನ್ನು ಮಾಡಿಕೊಂಡಿದೆ. ಅದರ 2ನೆಯ ಕಲಮಿನಂತೆ ಕೃಷಿ, ಕೈಗಾರಿಕೆ, ವ್ಯಾಪಾರ ಅಥವಾ ಬ್ಯಾಂಕಿಂಗ್ ನಡೆಸುವ, ಸರ್ಕಾರದಿಂದ ಹಣದ ನೆರವು ಪಡೆಯುತ್ತಿರುವ ಅಥವಾ ಪಡೆದಿದ್ದ ನೋಂದಾಯಿತ ಸಹಕಾರ ಸಂಘದ ಅಧ್ಯಕ್ಷ, ಕಾರ್ಯದರ್ಶಿ, ಇತರ ಪದಾಧಿಕಾರಿಗಳು ಸಾರ್ವಜನಿಕ ನೌಕರರೇ. ಆಂಧ್ರದ ಜಿಲ್ಲಾ ಸಹಕಾರಿ ಕೇಂದ್ರ ಬ್ಯಾಂಕೊಂದರ ಮೇಲ್ವಿಚಾರಕನೂ ಈ ಕಾಯಿದೆಗೆ ಒಳಪಡುವನೆಂದು ಸುಪ್ರೀಂ ಕೋರ್ಟು 2002ರಲ್ಲಿ ತೀರ್ಮಾನಿಸಿತು.

ಇದರ ಫಲ ವಿಚಿತ್ರವಾಗಿದೆ. ಒಂದೇ ಬೀದಿಯಲ್ಲಿ ಒಂದು ಖಾಸಗಿ ಅಂಗಡಿ, ಒಂದು ಸೊಸೈಟಿ ಅಂಗಡಿ ಇವೆಯೆನ್ನೋಣ. ಎರಡರಲ್ಲೂ ಅಷ್ಟೇ ಅಕ್ಕಿ ಮಾಯವಾಯಿತು. ಖಾಸಗಿಯವನ ಮೇಲೆ ಸಾಮಾನ್ಯವಾಗಿ ಅಗತ್ಯ ವಸ್ತುಗಳ ಕಾಯಿದೆ ಮತ್ತು ನಂಬಿಕೆದ್ರೋಹದ ಕಲಮು. ನೆರವು ಪಡೆದ ಸಂಘದ ಕಾರ್ಯದರ್ಶಿ ಅದರಲ್ಲಿ ಸೇರಿದ್ದರೆ ಅವನ ಮೇಲೆ ಇವುಗಳ ಜೊತೆಗೆ 13ನೆಯ ಕಲಮು, ಕನಿಷ್ಠ 4 ವರ್ಷ. ಸದಸ್ಯರ ನಂಬಿಕೆಯ ಮೇಲೆ ನಿಂತ ಸಂಸ್ಥೆಗೆ ಹೆಚ್ಚಿನ ಹೊಣೆ ಇರುವುದು ಸರಿಯೆಂದೇ ನಮ್ಮ ಅಭಿಪ್ರಾಯ. ಆದರೆ ಅದು ನಿರ್ದೇಶಕರಿಗೆ ತಿಳಿದಿರಬೇಕು. ದಾಸ್ತಾನು ಪುಸ್ತಕ ನೋಡದೆ ತಿಂಗಳ ಸಭೆಯಲ್ಲಿ 'ಒಪ್ಪಿದೆ' ಎನ್ನುವ ಅಭ್ಯಾಸ ಎಲ್ಲ ಸಂಘಗಳಲ್ಲೂ ಇದೆ, ನಮ್ಮಲ್ಲೂ ಇದೆ.

ಕಾಯಿದೆ ಒಂದೇ, ಸೋರಿಕೆ ಬೇರೆ ಬೇರೆ

ಯೋಜನಾ ಆಯೋಗ 2005ರಲ್ಲಿ ಪ್ರಕಟಿಸಿದ ಪರಿಶೀಲನಾ ವರದಿಯಂತೆ ಸರ್ಕಾರ ರಿಯಾಯಿತಿ ದರದಲ್ಲಿ ಬಿಡುಗಡೆ ಮಾಡಿದ ಧಾನ್ಯದಲ್ಲಿ ಶೇಕಡಾ 58ರಷ್ಟು ಬಡ ಕುಟುಂಬಗಳಿಗೆ ಮುಟ್ಟುತ್ತಿರಲಿಲ್ಲ. ಅರ್ಥಶಾಸ್ತ್ರಜ್ಞರಾದ ಜೀನ್ ಡ್ರೇಜ್ ಮತ್ತು ರೀತಿಕಾ ಖೇರಾ ಸರ್ಕಾರದ ಮಾದರಿ ಸಮೀಕ್ಷೆಗಳಿಂದ ಲೆಕ್ಕ ಹಾಕಿದಂತೆ, ಇಡೀ ದೇಶದ ಸೋರಿಕೆ 2004-05ರಲ್ಲಿ ಶೇಕಡಾ 54 ಇದ್ದದ್ದು 2011-12ರಲ್ಲಿ 42ಕ್ಕೆ ಇಳಿಯಿತು. ಬಿಹಾರದಲ್ಲಿ 91 ಇದ್ದದ್ದು 24ಕ್ಕೆ ಬಂತು. ಛತ್ತೀಸ್‌ಗಢದಲ್ಲಿ 2004-05ರಲ್ಲಿ ಅರ್ಧಕ್ಕೂ ಮೀರಿ ಸೋರುತ್ತಿದ್ದದ್ದು 2009-10ರ ಹೊತ್ತಿಗೆ ಹತ್ತರ ಸುಮಾರಿಗೆ ಇಳಿದಿತ್ತು.

ಸದಸ್ಯರು ಗಮನಿಸಬೇಕಾದದ್ದು ಇದು. ಆ ಏಳು ವರ್ಷಗಳಲ್ಲಿ ಈ ರಾಜ್ಯಗಳಿಗೆಲ್ಲ ಲಂಚದ ಕಾಯಿದೆ ಒಂದೇ ಆಗಿತ್ತು, ಅದೇ 1988ರದು. ಕಾಯಿದೆ ಬದಲಾಗದೆ ಒಂದು ರಾಜ್ಯದಲ್ಲಿ ಸೋರಿಕೆ ನಿಂತು ಇನ್ನೊಂದರಲ್ಲಿ ನಿಲ್ಲಲಿಲ್ಲವೆಂದರೆ, ನಿಲ್ಲಿಸಿದ್ದು ಬೇರೇನೋ ಇರಬೇಕು.

ಛತ್ತೀಸ್‌ಗಢದಲ್ಲಿ ಏನು ಮಾಡಿದರು? 2004ರಲ್ಲಿ ಒಂದು ಆಜ್ಞೆ ಹೊರಡಿಸಿ ಖಾಸಗಿಯವರಿಂದ ಅಂಗಡಿಗಳನ್ನು ತೆಗೆದು ಸಹಕಾರ ಸಂಘ, ಪಂಚಾಯಿತಿ, ಸ್ತ್ರೀಶಕ್ತಿ ಗುಂಪುಗಳಿಗೆ ಕೊಟ್ಟರು. ಅಂಗಡಿಯವನು ಮಳಿಗೆಗೆ ಹೋಗಿ ಎತ್ತುವಳಿ ಮಾಡುವ ಪದ್ಧತಿ ತಪ್ಪಿಸಿ, ಹಳದಿ ಬಣ್ಣ ಬಳಿದ ಲಾರಿಗಳಲ್ಲಿ ನಿಗಮವೇ ಅಂಗಡಿಯ ಬಾಗಿಲಿಗೆ ಅಕ್ಕಿ ತಲುಪಿಸಿತು. ಹಳದಿ ಲಾರಿ ಅಡ್ಡದಾರಿ ಹಿಡಿದರೆ ದಾರಿಹೋಕನಿಗೂ ಗೊತ್ತಾಗುತ್ತದೆ. ಲಾರಿ ಹೊರಟ ಸುದ್ದಿ ಹೆಸರು ಕೊಟ್ಟವರ ಮೊಬೈಲಿಗೆ ಬರುತ್ತಿತ್ತು. ಅಂಗಡಿಯ ಕಮಿಷನ್ನು ಹೆಚ್ಚಿಸಿದರು, ಹೆಚ್ಚು ಕುಟುಂಬಗಳಿಗೆ ಕಾರ್ಡು ಕೊಟ್ಟರು. ಊರಿನ ಬಹುಪಾಲು ಮನೆಗಳಿಗೆ ಅಕ್ಕಿ ಬರುವಂತಾದರೆ ಬರದಿದ್ದ ದಿನ ಗಲಾಟೆ ಮಾಡುವವರೂ ಹೆಚ್ಚು. ಗಲಾಟೆಯೂ ಒಂದು ಬಗೆಯ ಲೆಕ್ಕತಪಾಸಣೆಯೇ. 2007ರಲ್ಲಿ ಪಶ್ಚಿಮ ಬಂಗಾಳದ ಬಾಂಕುಡಾ, ಬೀರ್‌ಭೂಮ್, ಬರ್ದಮಾನ್ ಜಿಲ್ಲೆಗಳಲ್ಲಿ ಜನ ರೊಚ್ಚಿಗೆದ್ದು ಪಡಿತರ ಅಂಗಡಿಯವರ ಮನೆಗಳಿಗೆ ಮುತ್ತಿಗೆ ಹಾಕಿದ್ದನ್ನು ಕೆಲವರಾದರೂ ಪತ್ರಿಕೆಯಲ್ಲಿ ಓದಿರಬಹುದು. ಅದು ದೂರು ಕೇಳುವವರಿಲ್ಲದ ಕಡೆ ನಡೆಯುವ ತಪಾಸಣೆ. ಅಲ್ಲಿಗೆ ಹೋಗುವುದು ಬೇಡ.

ಛತ್ತೀಸ್‌ಗಢದ ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. 2015ರ ಫೆಬ್ರವರಿಯಲ್ಲಿ ಅದೇ ರಾಜ್ಯದ ನಾಗರಿಕ ಪೂರೈಕೆ ನಿಗಮದ ಕಚೇರಿಗಳ ಮೇಲೆ ಭ್ರಷ್ಟಾಚಾರ ನಿಗ್ರಹ ದಳ ದಾಳಿ ನಡೆಸಿತು. ಗಿರಣಿಗಳಿಂದ ಕಳಪೆ ಅಕ್ಕಿ ಕೊಂಡು ಅದಕ್ಕೆ ಹಣ ಪಡೆಯುತ್ತಿದ್ದರೆಂಬುದು ಆರೋಪ. ದಾಳಿ ಮಾಡಿದ್ದು ಒಂದು ದಿನ, ಹಿರಿಯ ಅಧಿಕಾರಿಗಳ ವಿಚಾರದಲ್ಲಿ ಮಂಜೂರಾತಿ, ದೋಷಾರೋಪಣ ಪಟ್ಟಿ, ಮೇಲಿನ ಕೋರ್ಟಿನ ಅರ್ಜಿಗಳೆಂದು ಹೋದದ್ದು ವರ್ಷಗಟ್ಟಲೆ. ಕೆಳಗಿನ ತೂತು ಮುಚ್ಚಿದರೆ ನೀರು ಮೇಲಿನ ತೂತು ಹುಡುಕುತ್ತದೆ. ಅಂಗಡಿಯ ಮುಂದೆ ಕಾವಲು ನಿಲ್ಲಲು ಜನ ಇದ್ದಾರೆ. ಖರೀದಿಯ ಕೋಣೆಯಲ್ಲಿ ಜನರಿಲ್ಲ, ಅಲ್ಲಿಗೆ ಲಂಚದ ಕಾಯಿದೆಯೇ ಬೇಕು, ಅಲ್ಲಿಯೇ ಅದು ನಿಧಾನ.

ನಮ್ಮ ರಾಜ್ಯದ್ದೂ ಹೇಳಬೇಕು. 1984ರ ಲೋಕಾಯುಕ್ತ ಕಾಯಿದೆ ನಮ್ಮ ಹೆಮ್ಮೆ. 2016ರ ಮಾರ್ಚಿನಲ್ಲಿ ಸರ್ಕಾರವು ಭ್ರಷ್ಟಾಚಾರ ನಿಗ್ರಹ ದಳವೆಂಬ ಬೇರೊಂದನ್ನು ಕಟ್ಟಿ ಲೋಕಾಯುಕ್ತ ಪೊಲೀಸರ ಅಧಿಕಾರವನ್ನು ಅದಕ್ಕೆ ವರ್ಗಾಯಿಸಿತು. 2022ರ ಆಗಸ್ಟ್ 11ರಂದು ಹೈಕೋರ್ಟು ಆ ದಳವನ್ನು ರದ್ದುಮಾಡಿ ಅಧಿಕಾರವನ್ನು ಹಿಂದಕ್ಕೆ ಕೊಟ್ಟಿತು. ಆರು ವರ್ಷದಲ್ಲಿ ಕಡತಗಳು ಒಂದು ಕಚೇರಿಯಿಂದ ಇನ್ನೊಂದಕ್ಕೆ ಹೋಗಿ ಮತ್ತೆ ಬಂದವು.

ಅಂಗಡಿಯವನ ಲೆಕ್ಕ

ಕಳ್ಳತನವನ್ನು ಸಮರ್ಥಿಸುವುದಕ್ಕಲ್ಲ, ಅರ್ಥ ಮಾಡಿಕೊಳ್ಳುವುದಕ್ಕೆ ಒಂದು ಲೆಕ್ಕ ಹಾಕೋಣ. 400 ಕಾರ್ಡಿನ ಅಂಗಡಿ, ಕಾರ್ಡಿಗೆ 20 ಕಿಲೋ, ತಿಂಗಳಿಗೆ 80 ಕ್ವಿಂಟಲ್. ಕೇಂದ್ರ ಸರ್ಕಾರದ 2015ರ ನಿಯಮದಲ್ಲಿ ಅಂಗಡಿಯ ಕಮಿಷನ್ನಿಗೆ ಇಟ್ಟ ಲೆಕ್ಕ ಕ್ವಿಂಟಲಿಗೆ 70 ರೂಪಾಯಿ. ಆ ಲೆಕ್ಕದಲ್ಲಿ ತಿಂಗಳಿಗೆ 5,600 ರೂಪಾಯಿ. ಇದರಲ್ಲಿ ಬಾಡಿಗೆ, ಕರೆಂಟು, ತೂಗುವವನ ಕೂಲಿ. ಮುಂದೆ ಈ ದರ ಹೆಚ್ಚಿತು, ರಾಜ್ಯಗಳು ತಮ್ಮ ಪಾಲು ಸೇರಿಸುವುದೂ ಉಂಟು. ಆದರೂ ಇದು ಸಂಸಾರ ಸಾಗಿಸುವ ಮೊತ್ತವಲ್ಲ. ಈಗ ಕಾರ್ಡಿಗೆ ಒಂದೂವರೆ ಕಿಲೋ ಹಿಡಿದರೆ ತಿಂಗಳಿಗೆ 6 ಕ್ವಿಂಟಲ್, ವರ್ಷಕ್ಕೆ 72. ಕಿಲೋಗೆ 25 ರೂಪಾಯಿಯಂತೆ ಮಾರಿದರೂ 1,80,000 ರೂಪಾಯಿ. ಕಮಿಷನ್ ವರ್ಷಕ್ಕೆ 67,200. ಅಂಗಡಿ ನಡೆಯುವುದೇ ಕಡಿತದ ಮೇಲೆ ಎಂಬಂತಾದಾಗ ಏಳು ವರ್ಷದ ಶಿಕ್ಷೆ ಪುಸ್ತಕದಲ್ಲಿ ಉಳಿಯುತ್ತದೆ. ಸುಪ್ರೀಂ ಕೋರ್ಟು 2006ರಲ್ಲಿ ನೇಮಿಸಿದ್ದ ನ್ಯಾಯಮೂರ್ತಿ ವಾಧ್ವಾ ಅವರ ಸಮಿತಿಯೂ ಅಂಗಡಿಯ ಆದಾಯ ಸಾಲದಿರುವುದನ್ನು ಎತ್ತಿ ಹೇಳಿತ್ತು.

ಹೆಬ್ಬೆಟ್ಟಿನ ಯಂತ್ರ ಬಂದ ಮೇಲೆ ಸುಳ್ಳು ಹೆಸರಿನ ಎತ್ತುವಳಿ ಕಷ್ಟವಾಗಿದೆ, ಸಂಶಯವಿಲ್ಲ. ಆದರೆ ಯಂತ್ರವು ಬೆರಳನ್ನು ನೋಡುತ್ತದೆ, ತೂಕವನ್ನು ನೋಡುವುದಿಲ್ಲ. ತಕ್ಕಡಿಯನ್ನೂ ಯಂತ್ರಕ್ಕೆ ಜೋಡಿಸಿದ ಕಡೆ ಸ್ವಲ್ಪ ವಾಸಿ. ನಮ್ಮ ಕಡೆ ಸಿಗ್ನಲ್ ಸಿಗದೆ ಗುಡ್ಡ ಹತ್ತಿ ಹೆಬ್ಬೆಟ್ಟು ಒತ್ತುವ ಕಷ್ಟ, ಗುದ್ದಲಿ ಹಿಡಿದು ಸವೆದ ಬೆರಳಿನ ಕಷ್ಟ ಬೇರೆ. ದೆಹಲಿಯ ಐ.ಸಿ.ಆರ್.ಐ.ಇ.ಆರ್. ಎಂಬ ಸಂಸ್ಥೆ 2022-23ರ ಸಮೀಕ್ಷೆಯಿಂದ 2024ರಲ್ಲಿ ಹಾಕಿದ ಲೆಕ್ಕದಂತೆ, ಇಷ್ಟೆಲ್ಲ ಆದ ಮೇಲೂ ಶೇಕಡಾ 28ರಷ್ಟು ಧಾನ್ಯ ಸೋರುತ್ತಿತ್ತು. ಇದಕ್ಕಿಂತ ಕಡಿಮೆಯೆಂದು ಹೇಳುವ ಲೆಕ್ಕಗಳೂ ಇವೆ.

ತಕ್ಕಡಿಯ ಮುಂದೆ

2013ರ ಆಹಾರ ಭದ್ರತಾ ಕಾಯಿದೆಯಲ್ಲಿ ನಮ್ಮ ಕೈಗೆಟಕುವ ಕೆಲವು ಕಲಮುಗಳಿವೆ. 27ರಂತೆ ಪಡಿತರದ ದಾಖಲೆಗಳು ಸಾರ್ವಜನಿಕರ ನೋಟಕ್ಕೆ ತೆರೆದಿರಬೇಕು. 29ರಂತೆ ಪ್ರತಿ ಅಂಗಡಿಗೂ ಜಾಗೃತಿ ಸಮಿತಿ ಇರಬೇಕು, ಅದರಲ್ಲಿ ಹೆಂಗಸರಿಗೂ ಪರಿಶಿಷ್ಟರಿಗೂ ಸ್ಥಾನವಿರಬೇಕು. ಅದು ಅವ್ಯವಹಾರ ಕಂಡರೆ ಜಿಲ್ಲಾ ಕುಂದುಕೊರತೆ ಅಧಿಕಾರಿಗೆ ಲಿಖಿತವಾಗಿ ತಿಳಿಸಬೇಕು. ಆ ಅಧಿಕಾರಿ ಹೇಳಿದ ಪರಿಹಾರವನ್ನು ಕಾರಣವಿಲ್ಲದೆ ಕೊಡದ ನೌಕರನಿಗೆ ರಾಜ್ಯ ಆಹಾರ ಆಯೋಗ ವಿಧಿಸಬಹುದಾದ ದಂಡ ಹೆಚ್ಚೆಂದರೆ 5,000 ರೂಪಾಯಿ. ಅಂಗಡಿಯ ಫಲಕದಲ್ಲಿ ಬಂದ ದಾಸ್ತಾನು, ಹಂಚಿದ್ದು, ಉಳಿದದ್ದು ಬರೆದಿರಬೇಕು, ಅಕ್ಕಿಯ ಮಾದರಿ ಇಟ್ಟಿರಬೇಕು, ತಕ್ಕಡಿಗೆ ಮಾಪನ ಇಲಾಖೆಯ ಮುದ್ರೆ ಇರಬೇಕು.

ಇವು ಕೊಳೆರೋಗಕ್ಕೆ ಮಳೆಗೆ ಮೊದಲು ಹೊಡೆಯುವ ಔಷಧಿಯಂತೆ. ಲಂಚದ ಕಾಯಿದೆ ಕಾಯಿ ಉದುರಿದ ಮೇಲೆ ಬರುತ್ತದೆ. ಅಷ್ಟೇ ಅಲ್ಲ, ಫಲಕದ ಬರಹ, ಸಮಿತಿಯ ನಡವಳಿ, ಸ್ವೀಕೃತಿ ಪಡೆದ ಅರ್ಜಿ ಇವೆಲ್ಲ ಇದ್ದರೆ ಮುಂದೆ ಲಂಚದ ಕಾಯಿದೆಗೆ ಬೇಕಾದ ಕಾಗದವೂ ಹುಟ್ಟುತ್ತದೆ.

ಆ ಹದಿನೆಂಟೂವರೆ ಕಿಲೋದ ಕಥೆ ಏನಾಯಿತೆಂದು ಕೇಳುವವರಿಗೆ. ಅಂಗಡಿಯ ಹೆಸರು ಬರೆಯುವುದಿಲ್ಲ. ಅದೊಂದು ಸಹಕಾರ ಸಂಘದ್ದೇ, ನಮ್ಮ ಕೆಲವು ಸದಸ್ಯರು ಅಲ್ಲಿಯೂ ಸದಸ್ಯರಾಗಿದ್ದಾರೆ ಎಂದಷ್ಟೇ ಹೇಳಬಹುದು. ಬರೆಯಬಾರದೆಂದು ನಮಗೆ ಹೇಳಿದವರೂ ಇದ್ದಾರೆ. ಮುಂದಿನ ತಿಂಗಳು ಹಿರಿಯ ಸದಸ್ಯರೂ ಆ ಹೆಂಗಸೂ ನಮ್ಮ ಇಬ್ಬರು ನಿರ್ದೇಶಕರೂ ಮುದ್ರೆಯಿರುವ ತಕ್ಕಡಿ ಕಟ್ಟಿಕೊಂಡು ಹೋಗಿ ಅಂಗಡಿಯ ಮುಂದೆ ನಿಂತರು. ಅಂದು ಬಂದವರಿಗೆಲ್ಲ ಇಪ್ಪತ್ತಕ್ಕೆ ಇಪ್ಪತ್ತೇ ಸಿಕ್ಕಿತು. ತೂಗುವ ಹುಡುಗ ಮಾತ್ರ, "ನಮಗೆ ಮಳಿಗೆಯಿಂದಲೇ ಚೀಲಕ್ಕೆ ಎರಡು ಕಿಲೋ ಕಡಿಮೆ ಬರುತ್ತದೆ, ಅದನ್ನು ಯಾರು ತೂಗುತ್ತಾರೆ?" ಎಂದು ಕೇಳಿದನು. ಅವನ ಮಾತನ್ನೂ ಸೇರಿಸಿ, ಐದು ಚೀಲಗಳನ್ನು ಅವನೆದುರೇ ತೂಗಿದ ಅಂಕಿಗಳೊಂದಿಗೆ, ಜಿಲ್ಲಾ ಕುಂದುಕೊರತೆ ಅಧಿಕಾರಿಗಳಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆದಿದ್ದೇವೆ. ಅರ್ಜಿಯ ಪ್ರತಿ ಸಂಘದ ಕಚೇರಿಯಲ್ಲಿದೆ. ಉತ್ತರ ಬಂದರೆ ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ. ಬಾರದಿದ್ದರೆ ಬರಲಿಲ್ಲವೆಂದು ಅಚ್ಚು ಹಾಕುತ್ತೇವೆ.